ಮಾವನ ಲೇತಿಗೆ ಯಾವ ಎಣ್ಣೆ? ಮೂರು ಮಳೆಗಾಲ ಹಾಕಿ ನೋಡಿದ ಮೇಲೆ

ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವ ದಾರಿಯಲ್ಲಿ ನನ್ನದೊಂದು ಸಣ್ಣ ವರ್ಕ್‌ಶಾಪ್ ಇದೆ. ಒಂದು ಲೇತ್ (ಕಬ್ಬಿಣವನ್ನು ತಿರುಗಿಸುತ್ತಾ ಕಡೆಯುವ ಮಿಷನ್), ಒಂದು ಡ್ರಿಲ್ಲಿಂಗ್ ಮಿಷನ್, ಒಂದು ವೆಲ್ಡಿಂಗ್ ಸೆಟ್. ಅಡಿಕೆಗೆ ಮದ್ದು ಬಿಡುವ ಪಂಪಿನ ಶಾಫ್ಟ್, ನೀರಿನ ಪಂಪಿನ ಬುಷ್, ಪಿಕಪ್ ಗಾಡಿಯ ಪಿನ್ನು, ಇಂಥ ಜಾಬುಗಳೇ ಜಾಸ್ತಿ. ಲೇತ್ ನನ್ನ ಸೋದರಮಾವನದ್ದು. ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಆದ ಗೇರ್ ಹೆಡ್ ಲೇತ್, ಅಂದರೆ ಬೆಲ್ಟಿನ ಬದಲು ಗೇರುಗಳಿಂದ ಸ್ಪೀಡ್ ಬದಲಿಸುವಂಥದ್ದು. 1941ರಲ್ಲಿ ಶುರುವಾದ ಆ ಕಾರ್ಖಾನೆ ಈಗ ಇಲ್ಲ. ಮಾವನೂ ಇಲ್ಲ. ಲೇತ್ ಮಾತ್ರ ಇದೆ, ಇನ್ನೂ ಚೆನ್ನಾಗಿ ಓಡುತ್ತಿದೆ.

ಅದು ನನ್ನ ಕೈಗೆ ಬಂದಾಗ ಜೊತೆಗೆ ಪುಸ್ತಕ ಬರಲಿಲ್ಲ. ಎಲ್ಲಿಗೆ ಯಾವ ಎಣ್ಣೆ ಎಂದು ಹೇಳುವ ತಗಡಿನ ಮೇಲೆ ಯಾರೋ ಎರಡು ಸಲ ಹಸಿರು ಬಣ್ಣ ಬಳಿದಿದ್ದರು. ಮಾವ ಏನು ಹಾಕುತ್ತಿದ್ದರು ಎಂದು ಅತ್ತೆಯ ಹತ್ತಿರ ಕೇಳಿದೆ. "ಒಂದು ದೊಡ್ಡ ಬಕೆಟ್ ಇತ್ತು ಮಗಾ, ಮಂಗಳೂರಿಂದ ತರ್ತಿದ್ರು, ನಂಗೆಂತ ಗೊತ್ತು?" ಎಂದರು. ಅಷ್ಟೇ ಸಿಕ್ಕಿದ ಮಾಹಿತಿ.

ಹಾಗಾಗಿ ನಾನು ಪೇಟೆಯ ಒಂದು ಅಂಗಡಿಗೆ ಹೋಗಿ ಕೇಳಿದೆ. ಅಲ್ಲಿಯವರು 20ಡಬ್ಲ್ಯು-40 ಎಂಜಿನ್ ಆಯಿಲ್ ಕೊಟ್ಟರು. "68 ಅಂತ ಒಂದು ಬರ್ತದಲ್ಲ?" ಎಂದೆ. "ಅದು ತುಂಬ ದಪ್ಪ ಮಾರಾಯ್ರೇ, 40 ಸಾಕು" ಎಂದರು. ನಂಬಿದೆ. 40ಕ್ಕಿಂತ 68 ದೊಡ್ಡದು, ದಪ್ಪವೇ ಇರಬೇಕು, ಅಲ್ವಾ? ಯಾರಾದರೂ ಹಾಗೇ ಯೋಚಿಸುತ್ತಾರೆ. ಈ ಒಂದು ತಪ್ಪಿನಿಂದ ನಾನು ಒಂದು ಪೂರ್ತಿ ಮಳೆಗಾಲ ಒದ್ದಾಡಿದೆ. ಆದ್ದರಿಂದ ಎಣ್ಣೆಗಳ ಬಗ್ಗೆ ಹೇಳುವ ಮೊದಲು ಈ ನಂಬರಿನ ವಿಷಯ ಹೇಳಿಬಿಡುತ್ತೇನೆ.

ಡಬ್ಬದ ಮೇಲೆ ಬರುವ ನಂಬರುಗಳು ಒಂದೇ ಅಳತೆಯವಲ್ಲ. ಹೈಡ್ರಾಲಿಕ್ ಆಯಿಲ್, ಸ್ಲೈಡ್‌ವೇ ಆಯಿಲ್ ಇವುಗಳ ಮೇಲಿನ 32, 46, 68, 220 ಎನ್ನುವುದು ಐಎಸ್‌ಒ ವಿಜಿ ನಂಬರು. 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆ ಎಣ್ಣೆ ಎಷ್ಟು ಮಂದವಾಗಿ ಹರಿಯುತ್ತದೆ ಎಂಬುದನ್ನು ಸೆಂಟಿಸ್ಟೋಕ್ಸ್ ಎಂಬ ಲೆಕ್ಕದಲ್ಲಿ ಹೇಳುತ್ತದೆ. 68 ಎಂದರೆ ಸರಿಯಾಗಿ 68ರ ಸುತ್ತಮುತ್ತ, ನೂರಕ್ಕೆ ಹತ್ತು ಆಚೆ ಈಚೆ. ಎಂಜಿನ್ ಆಯಿಲಿನ 30, 40 ಎನ್ನುವುದು ಬೇರೆ ಪಟ್ಟಿ. ಅಲ್ಲಿ 100 ಡಿಗ್ರಿಯಲ್ಲಿ ಅಳೆದು ಒಂದು ಗ್ರೇಡ್ ಹೆಸರು ಕೊಡುತ್ತಾರೆ. ಅದೇ 20ಡಬ್ಲ್ಯು-40ಯನ್ನು 40 ಡಿಗ್ರಿಯಲ್ಲಿ ಅಳೆದರೆ ನೂರರ ಮೇಲೆ ಬರುತ್ತದೆ. ಅಂದರೆ 68ಕ್ಕಿಂತ ಅದೇ ದಪ್ಪ! ಎಸ್‌ಎಇ 20 ಎಂಬ ತೆಳು ಎಂಜಿನ್ ಆಯಿಲ್ ಇದ್ದರೆ ಅದು ಸುಮಾರು 68ಕ್ಕೆ ಹತ್ತಿರ, 30 ಸುಮಾರು 100ಕ್ಕೆ, 40 ಸುಮಾರು 150ಕ್ಕೆ. ಗಾಡಿಯ ಗೇರ್ ಆಯಿಲಿನ 90 ಮತ್ತೆ ಮೂರನೆಯ ಪಟ್ಟಿ. ಅದು ಎಂಜಿನ್ ಆಯಿಲಿನ 40, 50ರಷ್ಟೇ ಮಂದ. ಮೂರು ಪಟ್ಟಿಯ ನಂಬರುಗಳನ್ನು ಒಂದಕ್ಕೊಂದು ಹೋಲಿಸಿದರೆ ಲೆಕ್ಕ ತಲೆಕೆಳಗಾಗುತ್ತದೆ.

ನಮ್ಮ ಕಡೆಯವರಿಗೆ ಐಎಸ್‌ಒ ನಂಬರು ನೇರವಾಗಿ ಅರ್ಥವಾಗುವಂಥದ್ದು. ಏಪ್ರಿಲ್‌ನಲ್ಲಿ ಶೀಟಿನ ಮಾಡಿನ ಅಡಿಯಲ್ಲಿ ಕೆಲಸ ಮಾಡಿದವರಿಗೆ 40 ಡಿಗ್ರಿ ಏನೆಂದು ಬೇರೆ ಹೇಳಬೇಕಾಗಿಲ್ಲ. ಹೆಡ್‌ಸ್ಟಾಕ್ (ಲೇತಿನ ಒಂದು ತುದಿಯಲ್ಲಿ ಗೇರುಗಳಿರುವ ಪೆಟ್ಟಿಗೆ, ಚಿಕ್ಕದಾಗಿ ಹೆಡ್) ಒಳಗೆ ನಿಜವಾಗಿ ಇರುವ ಬಿಸಿಯೂ ಅದರ ಆಸುಪಾಸಿನದ್ದೇ.

ಈಗ ಆ ಮಳೆಗಾಲದ ಕತೆ. ಎಂಜಿನ್ ಆಯಿಲ್ ಹಾಕಿದ್ದು ಮೇ ತಿಂಗಳಲ್ಲಿ. ಜೂನ್ ಶುರುವಾದ ಮೇಲೆ ನಮ್ಮಲ್ಲಿ ಗಾಳಿಯೇ ಒದ್ದೆ. ರಾತ್ರಿ ತಣ್ಣಗಾದ ಕಬ್ಬಿಣದ ಒಳಗೆ ಬೆವರಿನ ಹಾಗೆ ನೀರು ಕೂರುತ್ತದೆ. ಜುಲೈ ಕೊನೆಗೆ ಹೆಡ್‌ಸ್ಟಾಕಿನ ಆಯಿಲ್ ಗ್ಲಾಸ್ ನೋಡಿದೆ. ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣ! ಸ್ಪೀಡ್ ಜಾಸ್ತಿ ಇಟ್ಟರೆ ಹೆಡ್ ಬೇಗ ಬಿಸಿಯಾಗುತ್ತಿತ್ತು. ಕುಂಬಳೆಯಲ್ಲಿ ಒಬ್ಬ ಹಿರಿಯ ಟರ್ನರ್ ಇದ್ದಾರೆ, ಮಾವನ ಜೊತೆ ಕೆಲಸ ಕಲಿತವರು, ಎಲ್ಲರೂ ಮೇಸ್ತ್ರಿ ಎಂದೇ ಕರೆಯುವುದು. ಅವರನ್ನು ಕರೆದುಕೊಂಡು ಬಂದೆ. ಡ್ರೇನ್ ಪ್ಲಗ್ ಬಿಚ್ಚಿ ಎರಡು ಬೆರಳಲ್ಲಿ ಎಣ್ಣೆ ತಿಕ್ಕಿ ನೋಡಿದರು. "ಎಂತ ಹಾಕಿದ್ದು ನೀನು ಇದಕ್ಕೆ? ಎಂಜಿನ್ ಅಂತ ಮಾಡಿದ್ಯಾ?"

ಅವರು ಹೇಳಿಕೊಟ್ಟದ್ದು ಇದು. ಎಂಜಿನ್ ಆಯಿಲ್ ಕೆಟ್ಟ ಎಣ್ಣೆ ಅಲ್ಲ, ಆದರೆ ಅದರ ಕೆಲಸವೇ ಬೇರೆ. ಮಸಿ, ಕೊಳೆ ಎಲ್ಲವನ್ನೂ ತಳಕ್ಕೆ ಬಿಡದೆ ತೇಲಿಸಿ ಇಟ್ಟುಕೊಳ್ಳುವ ಹಾಗೆ ಅದಕ್ಕೆ ಮದ್ದು ಸೇರಿಸಿರುತ್ತಾರೆ. ಎಂಜಿನಿನಲ್ಲಿ ಫಿಲ್ಟರ್ ಇದೆ, ಕೊಳೆ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಚೆನ್ನಾಗಿ ಕಾಯುತ್ತದೆ, ಒಳಗೆ ಸೇರಿದ ನೀರು ಆವಿಯಾಗಿ ಹೋಗುತ್ತದೆ. ನನ್ನ ಹೆಡ್‌ಸ್ಟಾಕಿನಲ್ಲಿ ಗೇರುಗಳೇ ಎಣ್ಣೆ ಚಿಮ್ಮಿಸಿಕೊಂಡು ತಿರುಗುವುದು. ಫಿಲ್ಟರ್ ಇಲ್ಲ, ನೀರು ಆರುವಷ್ಟು ಬಿಸಿಯೂ ಇಲ್ಲ. ಇಂಥ ಜಾಗಕ್ಕೆ ಕೊಳೆಯನ್ನೂ ನೀರನ್ನೂ ಕೆಳಗೆ ಬಿಟ್ಟುಕೊಡುವ ಎಣ್ಣೆ ಬೇಕು. ತಳದಲ್ಲಿ ಕೂತರೆ ಡ್ರೇನ್ ಪ್ಲಗ್ಗಿನಲ್ಲಿ ತೆಗೆಯಬಹುದು.

ಮರುದಿನವೇ ಬಸ್ಸು ಹತ್ತಿ ಮಂಗಳೂರಿಗೆ ಹೋದೆ. ಬಂದರು ಕಡೆಯ ಒಂದು ಹಳೆಯ ಎಣ್ಣೆ ಅಂಗಡಿ. ಅಲ್ಲಿ ಕೂತಿದ್ದವರು ಮೊದಲು ಕೇಳಿದ್ದೇ ಒಳ್ಳೆಯ ಪ್ರಶ್ನೆ: "ಲೇತ್ ಗೇರ್ ಹೆಡ್ಡಾ, ಬೆಲ್ಟಿಂದಾ? ಸ್ಪಿಂಡಲ್ ಬೇರಿಂಗಾ, ಬುಷ್ಷಾ?" ಸ್ಪಿಂಡಲ್ ಎಂದರೆ ಜಾಬನ್ನು ತಿರುಗಿಸುವ ಮುಖ್ಯ ಶಾಫ್ಟ್. ಈ ಪ್ರಶ್ನೆ ಕೇಳದೆ ಎಣ್ಣೆ ಕೊಡುವ ಅಂಗಡಿಗೆ ನಾನೀಗ ಹೋಗುವುದೇ ಇಲ್ಲ. ಸರ್ವೋಸಿಸ್ಟಂ 68 ಎಂಬ ಹೈಡ್ರಾಲಿಕ್ ಆಯಿಲ್ ಕೊಟ್ಟರು. ಇಂಡಿಯನ್ ಆಯಿಲ್‌ನವರದ್ದು. ಅದು ಇಲ್ಲದಿದ್ದರೆ ಎಚ್‌ಪಿಯ ಎನ್‌ಕ್ಲೋ 68, ಕ್ಯಾಸ್ಟ್ರಾಲ್‌ನ ಹೈಸ್ಪಿನ್ ಎಡಬ್ಲ್ಯುಎಸ್ 68 ಯಾವುದಾದರೂ ಆಗುತ್ತದೆ ಎಂದರು.

ಹಾಕುವ ಮೊದಲು ಹೆಡ್ ಒಳಗೆ ತೊಳೆಯಬೇಕಾಯಿತು. ಹತ್ತು ಹದಿನೈದು ನಿಮಿಷ ಖಾಲಿ ಓಡಿಸಿ, ಎಣ್ಣೆ ಬೆಚ್ಚಗೆ ಇರುವಾಗಲೇ ಬಿಟ್ಟೆ. ಮೇಲಿನ ಮುಚ್ಚಳ ತೆಗೆದು ಬ್ರಷ್ಷಿನಲ್ಲಿ ಸ್ವಲ್ಪ ಸೀಮೆಎಣ್ಣೆ ಬಳಿದು ತಳದ ಕೆಸರು ತೆಗೆದೆ. ಆ ಕೆಸರನ್ನು ಬಿಳಿ ಬಟ್ಟೆಯ ಮೇಲೆ ಹರಡಿ ನೋಡಿ, ಇದನ್ನು ಯಾರೂ ತಪ್ಪಿಸಬೇಡಿ. ಕಪ್ಪು ನಯ ಹುಡಿ ಇದ್ದರೆ ಗೇರುಗಳ ಸಹಜ ಸವೆತ. ಹಳದಿ ಹೊಳಪು ಕಂಡರೆ ಗನ್ ಮೆಟಲ್ ಬುಷ್ ಎಲ್ಲೋ ಸವೆಯುತ್ತಿದೆ. ಚೂರು ಚೂರು ಸಿಕ್ಕಿದರೆ ಗೇರಿನ ಹಲ್ಲು ಎಣಿಸಲು ಶುರು ಮಾಡಿ. ನನಗೆ ಸಿಕ್ಕಿದ್ದು ಕಪ್ಪು ಹುಡಿ ಮಾತ್ರ. ಆ ದಿನ ನನಗಾದ ಸಮಾಧಾನ ಹೇಳಿ ಮುಗಿಯದು.

ಎಣ್ಣೆ ತುಂಬುವಾಗ ಲೇತ್ ನಿಂತಿರಬೇಕು, ಗ್ಲಾಸಿನ ಅರ್ಧಕ್ಕೆ ನಿಲ್ಲಿಸಬೇಕು. ಇನ್ನೂ ಸ್ವಲ್ಪ ಇರಲಿ ಎಂದು ಜಾಸ್ತಿ ಹಾಕಿದರೆ ಗೇರುಗಳು ಅದನ್ನು ಕಡೆದು ನೊರೆ ಎಬ್ಬಿಸುತ್ತವೆ, ಸ್ಪಿಂಡಲ್ ಬುಡದಿಂದ ಸೋರುತ್ತದೆ.

ಆಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿದೆ. ಎರಡು ಉಪ್ಪಿನಕಾಯಿ ಬಾಟಲಿ ತೆಗೆದುಕೊಂಡೆ. ಒಂದರಲ್ಲಿ ಉಳಿದಿದ್ದ ಹೊಸ ಎಂಜಿನ್ ಆಯಿಲ್, ಇನ್ನೊಂದರಲ್ಲಿ ಸರ್ವೋಸಿಸ್ಟಂ. ಎರಡಕ್ಕೂ ಎರಡೆರಡು ಚಮಚ ಬಾವಿಯ ನೀರು ಹಾಕಿ ಚೆನ್ನಾಗಿ ಕುಲುಕಿ ಕಿಟಕಿಯಲ್ಲಿಟ್ಟೆ. ಮಧ್ಯಾಹ್ನ ಊಟ ಮುಗಿಸಿ ಬರುವಾಗ ಸರ್ವೋಸಿಸ್ಟಂನ ಕೆಳಗೆ ನೀರು ಬೇರೆಯಾಗಿ ನಿಂತಿತ್ತು. ಎಂಜಿನ್ ಆಯಿಲ್ ಮರುದಿನ ಬೆಳಿಗ್ಗೆಯೂ ಹಾಲಿನ ಹಾಗೇ ಇತ್ತು. ನಿಮಗೂ ಸಂಶಯ ಇದ್ದರೆ ಇದನ್ನೇ ಮಾಡಿ ನೋಡಿ, ಖರ್ಚಿಲ್ಲ. ಆಮೇಲಿನ ಮೂರು ಮಳೆಗಾಲದಲ್ಲಿ ನನ್ನ ಹೆಡ್‌ಸ್ಟಾಕ್ ಗ್ಲಾಸ್ ಒಮ್ಮೆಯೂ ಕಾಫಿ ಬಣ್ಣಕ್ಕೆ ತಿರುಗಿಲ್ಲ. ಸೆಪ್ಟೆಂಬರಿನಲ್ಲಿ ಪ್ಲಗ್ ಸ್ವಲ್ಪ ಸಡಿಲಿಸಿದರೆ ಮೊದಲು ಒಂದೆರಡು ಚಮಚ ನೀರು ಬರುತ್ತದೆ, ಹಿಂದೆಯೇ ಸ್ವಚ್ಛ ಎಣ್ಣೆ. ಅಲ್ಲಿಗೆ ಮತ್ತೆ ಬಿಗಿ ಮಾಡುತ್ತೇನೆ.

ಒಂದು ಮಾತು. ನನ್ನ ಲೇತಿಗೆ 68 ಸರಿ ಎಂದು ಎಲ್ಲರೂ 68 ಹಾಕಬೇಡಿ. ಮೇಸ್ತ್ರಿಯವರದ್ದು ಬೆಲ್ಟ್ ಲೇತ್, ಸ್ಪಿಂಡಲ್ ತಿರುಗುವುದು ಗನ್ ಮೆಟಲ್ ಬುಷ್ಷಿನಲ್ಲಿ. ಅಲ್ಲಿ ಸಂದು ತುಂಬ ಕಡಿಮೆ. ಮಂದ ಎಣ್ಣೆ ಒಳಗೆ ಹೋಗುವುದಿಲ್ಲ, ಹೋದರೂ ಬಿಸಿಯಾಗುತ್ತದೆ. ಅವರು 32 ಹಾಕುತ್ತಾರೆ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ, ಬುಷ್ಷಿನ ಮೇಲಿನ ಸಣ್ಣ ಎಣ್ಣೆ ಬಟ್ಟಲು (ಆಯಿಲ್ ಕಪ್) ತುಂಬಿಸಿ. ನಿಮ್ಮ ಲೇತಿನ ಪುಸ್ತಕ ಇದ್ದರೆ ಅದು ಹೇಳಿದ್ದೇ ಸರಿ.

ಇನ್ನು ಬೆಡ್, ಅಂದರೆ ಟೂಲ್ ಹೊತ್ತ ಕ್ಯಾರೇಜ್ ಜಾರಿಕೊಂಡು ಹೋಗುವ ಉದ್ದದ ಹಳಿ. ನಿಜ ಹೇಳಬೇಕೆಂದರೆ ನನಗೆ ಅತಿ ಹೆಚ್ಚು ಖುಷಿ ಕೊಟ್ಟ ಎಣ್ಣೆ ಇಲ್ಲಿನದ್ದೇ. ಮೊದಲೆಲ್ಲ ಬೆಡ್ಡಿಗೂ ಹೆಡ್ಡಿನ ಎಣ್ಣೆಯನ್ನೇ ಬಳಿಯುತ್ತಿದ್ದೆ. ನಡೆಯುತ್ತದೆ, ಸುಳ್ಳಲ್ಲ. ಆದರೆ ಉದ್ದದ ಶಾಫ್ಟಿಗೆ ಕೊನೆಯ ಕಟ್ ಹಿಡಿದು ನಿಧಾನ ಫೀಡ್ ಕೊಟ್ಟಾಗ (ಟೂಲನ್ನು ಮೆಲ್ಲಗೆ ಮುಂದೆ ಸರಿಸಿದಾಗ) ಮೇಲ್ಮೈಯಲ್ಲಿ ಪಟ್ಟೆ ಪಟ್ಟೆ ಬರುತ್ತಿತ್ತು. ಟೂಲ್ ಬದಲಿಸಿದೆ, ಸೆಂಟರ್ ನೋಡಿದೆ, ಬೇರಿಂಗ್ ನೋಡಿದೆ. ಕೊನೆಗೆ ಮೇಸ್ತ್ರಿ ಹೇಳಿದಂತೆ ಬೆಡ್ಡಿಗೆ ಡಯಲ್ ಗೇಜ್ (ಕೂದಲೆಳೆಯಷ್ಟು ಸರಿದರೂ ಮುಳ್ಳು ತೋರಿಸುವ ಅಳತೆಯ ಸಾಧನ) ಕಟ್ಟಿ ಕ್ಯಾರೇಜಿನ ಹ್ಯಾಂಡ್‌ವೀಲನ್ನು ತುಂಬ ಮೆಲ್ಲಗೆ ತಿರುಗಿಸಿದೆ. ಮುಳ್ಳು ಹರಿಯುತ್ತಾ ಹೋಗಬೇಕಿತ್ತು. ನಿಂತು, ಹಾರಿ, ನಿಂತು, ಹಾರಿ ಹೋಗುತ್ತಿತ್ತು. ಕ್ಯಾರೇಜ್ ಭಾರವಾಗಿದೆ, ನಿಧಾನ ಹೋಗುವಾಗ ಅದರ ಅಡಿಯ ತೆಳು ಎಣ್ಣೆ ಹಿಂಡಿ ಹೊರಗೆ ಹೋಗುತ್ತದೆ, ಕಬ್ಬಿಣಕ್ಕೆ ಕಬ್ಬಿಣ ಹಿಡಿಯುತ್ತದೆ, ಮತ್ತೆ ತಟ್ಟನೆ ಬಿಡುತ್ತದೆ. ಪಟ್ಟೆಗೆ ಕಾರಣ ಅದು.

ಸ್ಲೈಡ್‌ವೇ ಆಯಿಲ್ ಎಂದು ಬೇರೆಯೇ ಬರುತ್ತದೆ, ಇದೇ ತೊಂದರೆಗೆ ಮಾಡಿದ್ದು. ಅದೂ 68ನೇ ಗ್ರೇಡೇ, ಆದರೆ ಅಂಟು ಸೇರಿಸಿರುತ್ತಾರೆ, ಜಾರಿಕೆಗೆ ಬೇರೆ ಮದ್ದು ಇರುತ್ತದೆ. ಬೆರಳಲ್ಲಿ ತೆಗೆದು ಎಳೆದರೆ ಹಲಸಿನ ಮಯಣದ ಹಾಗೆ ಸಣ್ಣ ನೂಲು ಬರುತ್ತದೆ. ಮೊದಲು ಬೈಕಂಪಾಡಿ ಕಡೆ ಕೆಲಸ ಮಾಡುವ ಒಬ್ಬ ಸ್ನೇಹಿತ ಎರಡು ಲೀಟರ್ ಮೊಬಿಲ್ ವ್ಯಾಕ್ಟ್ರಾ ನಂಬರ್ 2 ತಂದುಕೊಟ್ಟ. ಅಲ್ಲಿ ನಂಬರ್ 2 ಎಂದರೆ 68, ನಂಬರ್ 4 ಎಂದರೆ 220. 220 ಬಹಳ ಭಾರದ ಮಿಷನ್ನುಗಳಿಗೆ, ನೆಟ್ಟಗೆ ನಿಂತ ಸ್ಲೈಡುಗಳಿಗೆ, ನಮ್ಮಂಥ ಮಲಗಿದ ಬೆಡ್ಡಿನ ಲೇತಿಗೆ ಬೇಡ. ಬೆಡ್ಡಿಗೆ, ಟೂಲನ್ನು ಅಡ್ಡ ಸರಿಸುವ ಕ್ರಾಸ್ ಸ್ಲೈಡಿಗೆ ಹಾಕಿ ಅರ್ಧ ದಿನ ಓಡಿಸಿದೆ. ಮತ್ತೆ ಡಯಲ್ ಗೇಜ್ ಕಟ್ಟಿದೆ. ಮುಳ್ಳು ಗಡಿಯಾರದ ನಿಮಿಷದ ಮುಳ್ಳಿನ ಹಾಗೆ ಹೋಯಿತು! ಆ ಸಂಜೆ ತೆಗೆದ ಶಾಫ್ಟನ್ನು ಗಿರಾಕಿಗೆ ಕೊಡುವ ಮೊದಲು ಬೆಳಕಿಗೆ ಹಿಡಿದು ಎಷ್ಟೋ ಹೊತ್ತು ನೋಡಿದೆ. ಮಾವ ತೆಗೆಯುತ್ತಿದ್ದ ಫಿನಿಶ್ ಅದು. ಅವರಿಗೆ ಕೈಗುಣ ಇತ್ತು ಎಂದು ನಾವೆಲ್ಲ ಹೇಳುತ್ತಿದ್ದೆವು. ಕೈಗುಣ ಇತ್ತು, ಜೊತೆಗೆ ಸರಿಯಾದ ಎಣ್ಣೆಯೂ ಇತ್ತು ಎಂದು ಅಂದು ಗೊತ್ತಾಯಿತು.

ಈಗ ಹಾಕುತ್ತಿರುವುದು ಸರ್ವೋವೇ 68. ಎರಡರಲ್ಲೂ ನನ್ನ ಕೆಲಸಕ್ಕೆ ವ್ಯತ್ಯಾಸ ಕಾಣಲಿಲ್ಲ, ಎರಡೂ ಒಳ್ಳೆಯವು. ಯಾವುದು ಸುಲಭದಲ್ಲಿ ಸಿಗುತ್ತದೋ ಅದನ್ನು ತೆಗೆದುಕೊಳ್ಳಿ.

ಇದರ ಕಷ್ಟ ಎರಡು. ಒಂದು, ಅಂಟು ಇರುವುದರಿಂದ ಹುಡಿಯೂ ಅಂಟುತ್ತದೆ. ಬೀಡು (ಎರಕದ ಕಬ್ಬಿಣ) ಕಡೆದ ದಿನ ಕಪ್ಪು ಹುಡಿ ಬೆಡ್ ಮೇಲೆ ಕೂತು ವಾಲ್ವ್ ಗ್ರೈಂಡಿಂಗ್ ಪೇಸ್ಟಿನ ಹಾಗೆ ಆಗುತ್ತದೆ. ಬೀಡಿನ ಕೆಲಸ ಇದ್ದರೆ ಬೆಡ್ಡಿನ ಮೇಲೆ ಹಳೆಯ ಬಟ್ಟೆ ಹಾಸಿ, ಕೆಲಸ ಮುಗಿದ ಕೂಡಲೇ ಪೂರ್ತಿ ಒರೆಸಿ ಹೊಸ ಎಣ್ಣೆ ಹಾಕಿ. ಕ್ಯಾರೇಜಿನ ತುದಿಯ ಫೆಲ್ಟನ್ನು ತಿಂಗಳಿಗೊಮ್ಮೆ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಇದೇ ಎಣ್ಣೆಯಲ್ಲಿ ನೆನೆಸಿಟ್ಟು ಹಾಕಬೇಕು. ಅದು ಗಟ್ಟಿಯಾಗಿದ್ದರೆ ಯಾವ ಎಣ್ಣೆ ಹಾಕಿಯೂ ಪ್ರಯೋಜನ ಇಲ್ಲ. ಎರಡನೆಯದು, ಸಣ್ಣ ಡಬ್ಬದಲ್ಲಿ ಸಿಗುವುದು ಕಷ್ಟ. ನನಗೆ ಸಿಕ್ಕಿದ್ದು 26 ಲೀಟರಿನ ಬಕೆಟ್. ಒಂದು ಲೇತಿಗೆ ಅಷ್ಟು ಎಣ್ಣೆ ಎಷ್ಟು ವರ್ಷಕ್ಕೆ ಮುಗಿದೀತು? ಕೊನೆಗೆ ಮೇಸ್ತ್ರಿ, ಮುಳ್ಳೇರಿಯಾದ ಇನ್ನೊಬ್ಬರು, ನಾನು ಮೂವರು ಸೇರಿ ಒಂದು ಬಕೆಟ್ ತಂದು ಹಂಚಿಕೊಂಡೆವು. ಹೆಡ್ಡಿನ ಎಣ್ಣೆಗೂ ಹಾಗೆಯೇ ಮಾಡಬಹುದು.

ಏಪ್ರಾನಿನ, ಅಂದರೆ ಕ್ಯಾರೇಜಿನ ಮುಂದೆ ಕೆಳಗೆ ಇರುವ ಗೇರ್ ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ನನ್ನ ಲೇತಿನ ಏಪ್ರಾನ್ ಒಳಗೆ ಒಂದು ಕಂಚಿನ ವರ್ಮ್ ವೀಲ್ ಇದೆ. ಅದಕ್ಕೆ ಗಾಡಿಯ 90 ಗೇರ್ ಆಯಿಲ್ ಹಾಕಿ ಎಂದು ಹೇಳುವವರು ಬಹಳ ಜನ. ಡಬ್ಬ ತಿರುಗಿಸಿ ನೋಡಿ. ಜಿಎಲ್-5 (ಗೇರ್ ಆಯಿಲಿನ ಒಂದು ದರ್ಜೆ) ಎಂದಿದ್ದರೆ ಅದರಲ್ಲಿ ಗಂಧಕದ ಮದ್ದು ಜಾಸ್ತಿ. ಮುಚ್ಚಳ ತೆಗೆದರೆ ವಾಸನೆಯೇ ಹೇಳುತ್ತದೆ. ಉಕ್ಕಿನ ಗೇರಿಗೆ ಅದು ರಕ್ಷಣೆ, ಕಂಚು ಹಿತ್ತಾಳೆಗೆ ಒಳ್ಳೆಯದಲ್ಲ, ಬಿಸಿ ಇದ್ದಲ್ಲಂತೂ ಕಪ್ಪು ಮಾಡಿ ತಿನ್ನುತ್ತದೆ. ಲೇತಿನ ಏಪ್ರಾನ್ ಗಾಡಿಯ ಹೌಸಿಂಗಿನಷ್ಟು ಕಾಯುವುದಿಲ್ಲ, ಒಪ್ಪುತ್ತೇನೆ. ಆದರೂ ವರ್ಷಗಟ್ಟಲೆ ಅದರಲ್ಲೇ ಮುಳುಗಿರುವ ವೀಲ್. ಹೊಸದು ಎಲ್ಲಿ ಸಿಗುತ್ತದೆ? ನಾನು ಅಲ್ಲಿಗೂ ಸ್ಲೈಡ್‌ವೇ 68 ಹಾಕಿದ್ದೇನೆ. ಏಪ್ರಾನಿನಿಂದ ಸೋರಿದ್ದು ಬೆಡ್ಡಿಗೇ ಬೀಳುತ್ತದೆ, ಅದೂ ಒಳ್ಳೆಯದೇ. ಲೀಡ್ ಸ್ಕ್ರೂ, ಹಾಫ್ ನಟ್, ಟೇಲ್‌ಸ್ಟಾಕಿಗೂ ಅದೇ, ಹಳೆಯ ಪೇಂಟ್ ಬ್ರಷ್ಷಿನಲ್ಲಿ.

ಗ್ರೀಸ್ ಬೇಕಾಗುವುದು ಬಹಳ ಕಡಿಮೆ ಕಡೆ. ಜಾಬ್ ಹಿಡಿಯುವ ಚಕ್ ಬಿಚ್ಚಿದಾಗ ಅದರ ಹಲ್ಲುಗಳನ್ನು ಸರಿಸುವ ಒಳಗಿನ ಸ್ಕ್ರೋಲಿಗೆ ತೆಳುವಾಗಿ, ಹೊರಗಿನ ಚೇಂಜ್ ಗೇರುಗಳಿಗೆ ಸ್ವಲ್ಪ. ಬೆಡ್ಡಿಗೆ ಗ್ರೀಸ್ ಬೇಡವೇ ಬೇಡ. ಬಾಲ್ ಇರುವ ಎಣ್ಣೆ ತೂತುಗಳಿಗೂ ದಯವಿಟ್ಟು ಗ್ರೀಸ್ ಗನ್ ಒತ್ತಬೇಡಿ. ನನ್ನ ಲೇತಿನ ಕ್ರಾಸ್ ಸ್ಲೈಡಿಗೆ ಹಿಂದೆ ಯಾರೋ ಹಾಗೆ ಮಾಡಿದ್ದರು. ಗ್ರೀಸ್ ಒಳಗೆ ಒಣಗಿ ಮೇಣದ ಹಾಗಾಗಿ ಎಣ್ಣೆಯ ದಾರಿ ಪೂರ್ತಿ ಕಟ್ಟಿತ್ತು. ಮೇಲಿಂದ ಎಷ್ಟು ಎಣ್ಣೆ ಹಾಕಿದರೂ ಅಡಿಗೆ ತಲುಪುತ್ತಿರಲಿಲ್ಲ. ಎರಡು ದಿನ ಬಿಚ್ಚಿ, ಬೈಕಿನ ಬ್ರೇಕ್ ಕೇಬಲಿನ ಒಂದು ಎಳೆಯಿಂದ ಕುತ್ತಿ ತೆಗೆದೆ.

ತೆಂಗಿನೆಣ್ಣೆಯ ಬಗ್ಗೆಯೂ ಹೇಳಬೇಕು, ಇದು ತೆಂಗಿನ ಊರು. ಅಲ್ಯೂಮಿನಿಯಂಗೆ ಟ್ಯಾಪ್ ಹಾಕುವಾಗ ಎರಡು ಹನಿ ಬಿಟ್ಟರೆ ಒಳ್ಳೆಯದೇ, ಮಾವನೂ ಬಿಡುತ್ತಿದ್ದರು. ಆದರೆ ಮಿಷನ್ನಿನ ಎಣ್ಣೆ ತೂತಿಗೆ ಹಾಕಬೇಡಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಜನವರಿಯ ಬೆಳಿಗ್ಗೆ ಅಡುಗೆಮನೆಯ ಬಾಟಲಿ ನೋಡಿದರೆ ಸಾಕಲ್ಲ. ಹಳತಾದರೆ ಕನರಿ ಅಂಟಾಗುತ್ತದೆ.

ಕೂಲೆಂಟ್ ಎಂದು ಬಿಳಿ ನೀರು ಬಿಡುವವರು, ಸೋಲ್ಯುಬಲ್ ಆಯಿಲ್ ಒಂದಕ್ಕೆ ಇಪ್ಪತ್ತು ಪಾಲು ನೀರು ಹಾಕಿ, ಎಣ್ಣೆಯನ್ನು ನೀರಿಗೆ ಸುರಿಯಿರಿ, ನೀರನ್ನು ಎಣ್ಣೆಗೆ ಬೇಡ. ಶನಿವಾರ ಸಂಜೆ ಆ ನೀರು ಬೆಡ್ ಮೇಲೆ ಉಳಿಯಬಾರದು. ಸಮುದ್ರದ ಉಪ್ಪುಗಾಳಿ ಇರುವ ಕುಂಬಳೆ, ಮಂಜೇಶ್ವರದವರಿಗೆ ಸೋಮವಾರ ಬೆಳಿಗ್ಗೆ ತುಕ್ಕು ಕಾಣುತ್ತದೆ. ಒರೆಸಿ, ಸ್ಲೈಡ್‌ವೇ ಎಣ್ಣೆ ಬಳಿದು, ಹತ್ತಿಯ ಬಟ್ಟೆ ಮುಚ್ಚಿ. ಪ್ಲಾಸ್ಟಿಕ್ ಶೀಟ್ ಬೇಡ, ಅದರ ಅಡಿಯಲ್ಲಿ ಬೆವರು ಜಾಸ್ತಿ.

ಬಿಟ್ಟ ಹಳೆ ಎಣ್ಣೆಯನ್ನು ಬೇಲಿ ಕಂಬಕ್ಕೆ, ಗೆದ್ದಲಿಗೆ ಎಂದು ತೆಗೆದುಕೊಂಡು ಹೋಗುವವರಿದ್ದಾರೆ. ನಾನು ಕೊಡುವುದಿಲ್ಲ. ನಮ್ಮಲ್ಲಿ ಪ್ರತಿ ಹಿತ್ತಲಿಗೂ ಒಂದು ಬಾವಿ ಇದೆ. ಒಂದು ಕ್ಯಾನಿನಲ್ಲಿ ಸೇರಿಸಿಟ್ಟು ಹಳೆ ಎಣ್ಣೆ ಕೊಳ್ಳುವವರಿಗೆ ಕೊಡುತ್ತೇನೆ.

ಹೊಸದಾಗಿ ಹಳೆ ಲೇತ್ ತೆಗೆದುಕೊಂಡವರು ಎಲ್ಲವನ್ನೂ ಒಂದೇ ದಿನ ತರಬೇಕಾಗಿಲ್ಲ. ಹೆಡ್‌ಸ್ಟಾಕಿನ ಎಣ್ಣೆ ಮೊದಲು, ಅದನ್ನು ಮುಂದೂಡುವ ಹಾಗಿಲ್ಲ. ಬೆಡ್ಡಿನ ಎಣ್ಣೆ ಅದರ ಹಿಂದೆಯೇ. ಎರಡು ಬೇರೆ ಬೇರೆ ಆಯಿಲ್ ಕ್ಯಾನ್ ಇಟ್ಟುಕೊಳ್ಳಿ, ನಾನು ಒಂದಕ್ಕೆ ಕೆಂಪು, ಒಂದಕ್ಕೆ ಹಳದಿ ಬಣ್ಣ ಹೊಡೆದಿದ್ದೇನೆ. ಲೇತಿನ ಎಣ್ಣೆ ತೂತುಗಳ ಪಕ್ಕದಲ್ಲೂ ಅದೇ ಬಣ್ಣದ ಬೊಟ್ಟು. ಕೆಲಸಕ್ಕೆ ಬರುವ ಹುಡುಗನಿಗೆ ಈಗ ನಂಬರು ಹೇಳಬೇಕಾಗಿಲ್ಲ.

ಕಳೆದ ತಿಂಗಳು ಆ ಎಣ್ಣೆ ಚಾರ್ಟಿನ ತಗಡಿನ ಮೇಲಿದ್ದ ಹಸಿರು ಬಣ್ಣವನ್ನು ಥಿನ್ನರ್ ಹಾಕಿ ಮೆಲ್ಲ ಮೆಲ್ಲ ತಿಕ್ಕಿದೆ. ಅಕ್ಷರ ಬಹಳ ಮಾಸಿವೆ. ಲೇತಿನ ಚಿತ್ರದ ಗೆರೆಗಳು, ಎಣ್ಣೆ ಹಾಕುವ ಜಾಗದ ಬಾಣಗಳು ಮಾತ್ರ ಕಾಣುತ್ತಿವೆ. ಎಣಿಸಿದರೆ ಹದಿನಾಲ್ಕು ಬಾಣ. ನಾನು ಎಣ್ಣೆ ಹಾಕುತ್ತಿರುವುದು ಹದಿಮೂರು ಕಡೆ. ಹದಿನಾಲ್ಕನೆಯದು ಫೀಡ್ ಗೇರ್ ಬಾಕ್ಸಿನ ಹಿಂದೆ ಎಲ್ಲೋ ಇದೆ. ಬರುವ ಭಾನುವಾರ ಮೇಸ್ತ್ರಿ ಬರುತ್ತೇನೆ ಎಂದಿದ್ದಾರೆ, ಬಾಕ್ಸ್ ಬಿಚ್ಚಿ ಹುಡುಕುತ್ತೇವೆ. ಬಕೆಟ್‌ನಲ್ಲಿ ಸ್ಲೈಡ್‌ವೇ ಎಣ್ಣೆ ಇನ್ನೂ ನಾಲ್ಕು ಲೀಟರ್ ಉಳಿದಿದೆ. ಪೆರ್ಲ, ನೀರ್ಚಾಲು ಕಡೆಯವರಿಗೆ ಹಾಕಿ ನೋಡಲು ಒಂದು ಲೀಟರ್ ಬೇಕಿದ್ದರೆ ಬಾಟಲಿ ತೆಗೆದುಕೊಂಡು ಬನ್ನಿ, ತಂದ ಬೆಲೆಗೇ ಕೊಡುತ್ತೇನೆ.